ದಾಟುವ ಮೊದಲೇ ಹೇಳಿಬಿಡಿ

ಆಟಿಸಂ ಇರುವ ಮಗುವಿನ ಮನೆಯಲ್ಲಿ, ಬಚ್ಚಲಮನೆ ಬಾಗಿಲ ಪಕ್ಕವೋ ಅಡುಗೆಮನೆ ಗೋಡೆಯ ಮೇಲೋ, ಒಂದು ರಟ್ಟಿನ ಪಟ್ಟಿ ನೇತಾಡುತ್ತಿರುವುದನ್ನು ಈಚೆಗೆ ಕಾಣಬಹುದು. ಅದರಲ್ಲಿ ಮೇಲಿಂದ ಕೆಳಕ್ಕೆ ಐದಾರು ಚಿತ್ರಗಳು: ಬ್ರಷ್ಷು, ಬಕೆಟ್ಟು, ಯೂನಿಫಾರ್ಮ್, ದೋಸೆ, ಶಾಲೆಯ ಚೀಲ, ಆಟೋ. ಚಿತ್ರಗಳ ಬೆನ್ನಿಗೆ ವೆಲ್ಕ್ರೋ. ಹಲ್ಲುಜ್ಜಿ ಆಯಿತೆಂದರೆ ಮಗು ಬ್ರಷ್ಷಿನ ಚಿತ್ರವನ್ನು ಪರಪರನೆ ಕಿತ್ತು ಕೆಳಗಿಟ್ಟ ‘ಮುಗೀತು’ ಡಬ್ಬಿಗೆ ಹಾಕುತ್ತದೆ. ಈಗ ಮೇಲೆ ಉಳಿದದ್ದು ಬಕೆಟ್ಟು. ಸ್ನಾನ.

ನೋಡುವವರಿಗೆ ಇದು ಮಕ್ಕಳಾಟ. ಆ ಮನೆಯವರಿಗೆ ಮಾತ್ರ ಗೊತ್ತು, ಈ ಪಟ್ಟಿ ಬರುವ ಮೊದಲು ಬೆಳಗು ಹೇಗಿತ್ತು ಎಂದು. ನೀರಿನಲ್ಲಿ ಮೈಮರೆತ ಮಗುವನ್ನು ಹೊರಗೆ ಕರೆದರೆ ಕಿರುಚಾಟ, ತಲೆ ಗೋಡೆಗೆ ಬಡಿದುಕೊಳ್ಳುವುದು, ಅಮ್ಮನ ಕೈ ಕಚ್ಚುವುದು. ಪಕ್ಕದ ಮನೆಯವರು ‘ಹಟ’ ಎಂದರು, ಅತ್ತೆ ‘ಮುದ್ದು ಮಾಡಿ ಕೆಡಿಸಿದ್ದೀಯ’ ಎಂದರು. ಹಟವಲ್ಲ, ಭಯ. ಸ್ನಾನ ನಿಂತಮೇಲೆ ಏನು ಎಂಬುದು ಆ ಮಗುವಿಗೆ ತಿಳಿದಿಲ್ಲ. ಮಾತಿನಲ್ಲಿ ಹೇಳಿದ್ದು ಗಾಳಿಯಲ್ಲಿ ಕರಗಿಹೋಗುತ್ತದೆ, ಗೋಡೆಯ ಮೇಲಿನ ಚಿತ್ರ ಕಣ್ಣೆದುರೇ ನಿಂತಿರುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ರೂಪಿಸಿದ ‘ಟೀಚ್’ ಕಾರ್ಯಕ್ರಮ ಇಂಥ ಚಿತ್ರ ವೇಳಾಪಟ್ಟಿಗಳನ್ನು ಜಗತ್ತಿಗೆಲ್ಲ ಪರಿಚಯಿಸಿತು. ಅದರ ಹಿಂದಿನ ತಿಳಿವಳಿಕೆ ಸರಳವಾದದ್ದು: ಬದಲಾವಣೆ ಬರುವ ಮೊದಲೇ ಅದನ್ನು ಹೇಳಬೇಕು, ಹೇಳಿದ್ದನ್ನು ತೋರಿಸಬೇಕು.

ಆಟಿಸಂ, ಎಡಿಎಚ್‌ಡಿ, ಕಲಿಕಾ ನ್ಯೂನತೆ, ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳನ್ನೂ ಅವರ ಮನೆಯವರನ್ನೂ ಒಂದು ಹಂತದಿಂದ ಇನ್ನೊಂದಕ್ಕೆ ದಾಟಿಸುವುದು ಒಂದು ಕಸುಬು. ಸ್ಪೀಚ್ ಥೆರಪಿಸ್ಟರು, ವಿಶೇಷ ಶಿಕ್ಷಕರು, ಆಕ್ಯುಪೇಷನಲ್ ಥೆರಪಿಸ್ಟರು ಮತ್ತು ಎಲ್ಲರಿಗಿಂತ ಹೆಚ್ಚಾಗಿ ತಾಯಂದಿರು ಅದನ್ನು ದಿನವೂ ಮಾಡುತ್ತಿದ್ದಾರೆ. ಬಚ್ಚಲಿನಿಂದ ತಿಂಡಿಯ ತಟ್ಟೆಗೆ ದಾಟಿಸುವ ಜಾಣ್ಮೆಯೇ ಪ್ರಾಥಮಿಕ ಶಾಲೆಯಿಂದ ಹೈಸ್ಕೂಲಿಗೆ, ಬಾಲ್ಯದಿಂದ ಯೌವನಕ್ಕೆ ದಾಟಿಸಲೂ ಬೇಕು.

ಹೈಸ್ಕೂಲಿನ ಉದಾಹರಣೆಯನ್ನೇ ನೋಡಿ. ಏಳನೇ ತರಗತಿಯವರೆಗೆ ಒಬ್ಬರೇ ಟೀಚರು, ಅದೇ ಕೊಠಡಿ, ಅದೇ ಕಿಟಕಿಯ ಪಕ್ಕದ ಜಾಗ. ಎಂಟಕ್ಕೆ ಬಂದೊಡನೆ ವಿಷಯಕ್ಕೊಬ್ಬ ಮೇಷ್ಟ್ರು, ಪೀರಿಯಡ್ಡಿಗೊಂದು ಗಂಟೆ, ದೊಡ್ಡ ಹುಡುಗರ ತಳ್ಳಾಟ. ಅನುಭವವಿರುವ ವಿಶೇಷ ಶಿಕ್ಷಕರು ಇದಕ್ಕೆ ಬೇಸಿಗೆ ರಜೆಯಲ್ಲೇ ಕೆಲಸ ಶುರು ಮಾಡುತ್ತಾರೆ. ಹೊಸ ಶಾಲೆಯ ಗೇಟು, ಶೌಚಾಲಯ, ಕುಡಿಯುವ ನೀರಿನ ನಲ್ಲಿ, ಹೆಡ್‌ಮಾಸ್ಟರ ಕೋಣೆ, ಎಲ್ಲದರ ಫೋಟೊ ತೆಗೆದು ಒಂದು ಪುಟ್ಟ ಪುಸ್ತಕ ಹೊಲಿಯುತ್ತಾರೆ. ‘ಜೂನ್‌ನಲ್ಲಿ ನಾನು ಈ ಶಾಲೆಗೆ ಹೋಗುತ್ತೇನೆ. ಗಂಟೆ ಜೋರಾಗಿ ಹೊಡೆಯುತ್ತದೆ. ಆಗ ನಾನು ಕಿವಿ ಮುಚ್ಚಿಕೊಳ್ಳಬಹುದು. ಸ್ವಲ್ಪ ಹೊತ್ತಿಗೆ ಅದು ನಿಲ್ಲುತ್ತದೆ.’ ಇಂಥ ನಾಲ್ಕೈದು ವಾಕ್ಯ ಸಾಕು. ಕ್ಯಾರಲ್ ಗ್ರೇ ಎಂಬ ಅಮೆರಿಕದ ಶಿಕ್ಷಕಿ 1990ರ ದಶಕದ ಆರಂಭದಲ್ಲಿ ಬಳಕೆಗೆ ತಂದ ‘ಸೋಷಿಯಲ್ ಸ್ಟೋರಿ’ ಎಂಬ ಬಗೆ ಇದು. ಅದರಲ್ಲಿ ಗದರಿಕೆಗೆ ಜಾಗವಿಲ್ಲ. ಏನಾಗುತ್ತದೆ, ಆಗ ತಾನೇನು ಮಾಡಬಹುದು, ಇಷ್ಟನ್ನೇ ಮಗುವಿನ ಮಾತಿನಲ್ಲಿ ಹೇಳುತ್ತದೆ. ಆಮೇಲೆ ಶಾಲೆ ಖಾಲಿಯಿರುವಾಗ ಒಂದೆರಡು ಸಲ ಕರೆದೊಯ್ದು ಬೆಂಚಿನ ಮೇಲೆ ಕೂರಿಸುತ್ತಾರೆ. ಹೊಸ ಬೂಟನ್ನು ಮನೆಯಲ್ಲೇ ಹಾಕಿಸಿ ರೂಢಿ ಮಾಡಿಸುತ್ತಾರೆ. ಹಳೆಯದು ಒಂದಾದರೂ ಜೊತೆಗೆ ಹೋಗಲೆಂದು ಹಳೆಯ ನೀರಿನ ಬಾಟಲಿಯನ್ನೇ ಕಳಿಸುತ್ತಾರೆ.

ಹೆಣ್ಣುಮಕ್ಕಳ ಮೊದಲ ಮುಟ್ಟು ಇನ್ನೂ ಸೂಕ್ಷ್ಮವಾದ ಘಟ್ಟ. ಮುಂಚೆ ಏನೂ ತಿಳಿಯದ ಹುಡುಗಿ ರಕ್ತ ಕಂಡರೆ ಗಾಯವಾಯಿತೆಂದೇ ಹೆದರುತ್ತಾಳೆ. ಹಾಗಾಗಿ ಒಂಬತ್ತು ಹತ್ತು ವರ್ಷಕ್ಕೇ ತಯಾರಿ ಬೇಕು. ಪ್ಯಾಡ್ ಕವರು ಬಿಚ್ಚುವುದು, ಚಡ್ಡಿಗೆ ಅಂಟಿಸುವುದು, ಬದಲಿಸುವುದು, ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕುವುದು, ಕೈ ತೊಳೆಯುವುದು, ಇವಿಷ್ಟನ್ನೂ ಚಿತ್ರಗಳಲ್ಲಿ ಬಚ್ಚಲ ಗೋಡೆಗೆ ಅಂಟಿಸಿ ಅಭ್ಯಾಸ ಮಾಡಿಸುತ್ತಾರೆ. ಪ್ಯಾಡಿನ ಸ್ಪರ್ಶವನ್ನೇ ಸಹಿಸದ ಮಕ್ಕಳಿಗೆ ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಸಿ ಒಗ್ಗಿಸಬೇಕಾಗುತ್ತದೆ. ಗಂಡುಮಕ್ಕಳಿಗೂ ಮೈ ಬದಲಾಗುವ ಸಂಗತಿಯನ್ನು, ಯಾವುದು ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಎಂಬುದನ್ನು ನಾಚಿಕೆಯಿಲ್ಲದೆ ಕಲಿಸಬೇಕು. ನಮ್ಮ ಮನೆಗಳಲ್ಲಿ ಈ ಮಾತು ತೀರಾ ತಡವಾಗಿ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ.

ಇನ್ನು ಮಗುವಿಗೆ ಇಷ್ಟು ಕಾಳಜಿಯಿಂದ ಮುಂದಿನದ್ದನ್ನು ತಿಳಿಸುವ ಅಪ್ಪ ಅಮ್ಮಂದಿರಿಗೆ ಮುಂದಿನದ್ದನ್ನು ತಿಳಿಸುವವರು ಯಾರು? ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಇರುವುದು ಇಲ್ಲಿ.

ಚಿಕ್ಕ ಮಕ್ಕಳ ಮಟ್ಟಿಗೆ ಕರ್ನಾಟಕದ ಭಾಗ್ಯ ದೊಡ್ಡದು. ಮೈಸೂರಿನಲ್ಲಿ 1960ರ ದಶಕದ ಮಧ್ಯಭಾಗದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಎಲ್ಲರ ಬಾಯಲ್ಲಿರುವ ‘ಆಯಿಷ್’ಗೆ, ಬೇರೆ ಬೇರೆ ರಾಜ್ಯಗಳಿಂದ ಕುಟುಂಬಗಳು ಬರುತ್ತವೆ. ಅಲ್ಲಿನ ಪ್ರಿ-ಸ್ಕೂಲಿನಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ಥೆರಪಿಸ್ಟರ ಎದುರು ಮಗು ಕಳೆಯುವುದು ದಿನದಲ್ಲಿ ಒಂದಿಷ್ಟು ಹೊತ್ತು, ಉಳಿದ ಹೊತ್ತೆಲ್ಲ ಅಮ್ಮನ ಜೊತೆ. ಆದ್ದರಿಂದ ತಾಯಿಗೇ ಕಲಿಸುವ ಈ ಕ್ರಮ ನನಗೆ ಬಹಳ ಸರಿಯೆನಿಸುತ್ತದೆ, ಹಾಗೆಯೇ ತಂದೆಯರೂ ಆ ಬೆಂಚಿನಲ್ಲಿ ಕೂರುವಂತಾಗಬೇಕು. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತ ಅವರು 2000ದಲ್ಲಿ ಕಟ್ಟಿದ ಕಾಮ್ ಡಿಯಾಲ್ ಎಳೆಯ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸಿದ್ಧಗೊಳಿಸುವುದನ್ನೇ ಗುರಿಯಾಗಿಸಿಕೊಂಡಿದೆ. ಹಳ್ಳಿಗಳಲ್ಲಿ ಪಂಚಾಯ್ತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿ.ಆರ್.ಡಬ್ಲ್ಯೂ.), ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ (ಬಿ.ಆರ್.ಸಿ.) ಇಂಥ ಮಕ್ಕಳಿಗಾಗಿಯೇ ಬಿ.ಐ.ಇ.ಆರ್.ಟಿ. ಶಿಕ್ಷಕರು ಇದ್ದಾರೆ. ಅವರ ಗೌರವಧನ ಕಡಿಮೆ, ಕ್ಷೇತ್ರ ದೊಡ್ಡದು. ಆದರೂ ಮೊದಲು ವಿಚಾರಿಸಬೇಕಾದದ್ದು ಅವರನ್ನೇ.

ಹತ್ತನೇ ತರಗತಿಗೆ ಬಂದಾಗ ಕಾಗದಪತ್ರಗಳ ಕಾಲ ಶುರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಬೌದ್ಧಿಕ ಅಂಗವೈಕಲ್ಯ ಮೂರೂ ಅದರಲ್ಲಿವೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ, ಅದು ನಿಜಕ್ಕೂ ಅನ್ಯಾಯ. ಪ್ರಮಾಣಪತ್ರ ಇದ್ದರೆ ಬರೆಯಲು ಸಹಾಯಕರು, ಹೆಚ್ಚಿನ ಸಮಯ ಕೇಳಬಹುದು. ಕೇಂದ್ರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಬೇಕೆನ್ನುತ್ತದೆ. ಎಲ್ಲ ವಿಷಯವನ್ನೂ ಒಂದೇ ಉಸಿರಿಗೆ ಬರೆಯಲಾಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್.ಐ.ಒ.ಎಸ್. ಇದೆ. ಅಲ್ಲಿ ಐದು ವರ್ಷಗಳ ಅವಧಿಯಲ್ಲಿ ಒಂದೊಂದೇ ವಿಷಯ ಪಾಸು ಮಾಡಿಕೊಳ್ಳಬಹುದು.

ಮನೆಯವರಿಗೆ ಎಲ್ಲಕ್ಕಿಂತ ಅನಿರೀಕ್ಷಿತವಾಗಿ ಎದುರಾಗುವುದು 18ನೇ ಹುಟ್ಟುಹಬ್ಬ. ಹಿಂದಿನ ದಿನದವರೆಗೆ ಮಗನ ಪರವಾಗಿ ಸಹಿ ಹಾಕುತ್ತಿದ್ದ ತಂದೆ, ಮಾರನೇ ದಿನ ಕಾನೂನಿನ ಕಣ್ಣಿನಲ್ಲಿ ಅವನ ಪೋಷಕರಲ್ಲ. ಮಾತೇ ಆಡದ, ದುಡ್ಡಿನ ಲೆಕ್ಕ ತಿಳಿಯದ ಮಗನೂ ಕಾನೂನಿಗೆ ವಯಸ್ಕ. ಬ್ಯಾಂಕಿನ ಕೌಂಟರಿನಲ್ಲೋ, ಅಜ್ಜನ ಆಸ್ತಿ ಪಾಲಾಗುವಾಗಲೋ ಇದು ಗೊತ್ತಾಗುತ್ತದೆ. ಇಂಥ ಕುಟುಂಬಗಳಿಗಾಗಿಯೇ 1999ರಲ್ಲಿ ಸಂಸತ್ತು ರಾಷ್ಟ್ರೀಯ ನ್ಯಾಸ ಕಾಯ್ದೆ ಮಾಡಿತು. ನ್ಯಾಷನಲ್ ಟ್ರಸ್ಟ್ ಎಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಇದು ಅನ್ವಯ. ಇದರ ಪ್ರಕಾರ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ, ಹೀಗೆ ಮೂವರ ಸ್ಥಳೀಯ ಸಮಿತಿ ಜಿಲ್ಲೆಯಲ್ಲಿರುತ್ತದೆ. ತಂದೆ ತಾಯಿ ಅಥವಾ ಸಂಬಂಧಿಕರು ಅರ್ಜಿ ಹಾಕಿದರೆ ಸಮಿತಿ ವಿಚಾರಿಸಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಕೋರ್ಟು ಕಚೇರಿ ಅಲೆಯಬೇಕಿಲ್ಲ. ಪೋಷಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷ್ಯ ಮಾಡಿದವರನ್ನು ತೆಗೆದುಹಾಕಲೂ ಅವಕಾಶವಿದೆ.

ಆದರೆ ಎಲ್ಲರಿಗೂ ಪೋಷಕತ್ವ ಬೇಕಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ತನ್ನ ಹಣ, ತನ್ನ ಬದುಕು ತಾನೇ ನೋಡಿಕೊಳ್ಳಬಲ್ಲ ಯುವಕ ಯುವತಿಯರ ತೀರ್ಮಾನವನ್ನು ಮುದ್ದಿನ ಹೆಸರಿನಲ್ಲಿ ಕಸಿದುಕೊಳ್ಳುವುದು ತಪ್ಪು. 2016ರ ಕಾಯ್ದೆ ಸೀಮಿತ ಪೋಷಕತ್ವದ ಮಾತನ್ನಾಡುತ್ತದೆ: ಬೇಕಾದ ವಿಷಯಕ್ಕೆ, ಬೇಕಾದಷ್ಟು ಕಾಲ, ಇಬ್ಬರೂ ಕೂಡಿ ತೀರ್ಮಾನಿಸುವುದು. ಅರ್ಜಿ ಹಾಕುವ ಮೊದಲು ಮಗನನ್ನೋ ಮಗಳನ್ನೋ ಎದುರು ಕೂರಿಸಿಕೊಂಡು, ಚಿತ್ರ ತೋರಿಸಿಯಾದರೂ ಕೇಳಬೇಕು.

ಅದೇ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಉದ್ಯೋಗದ ಬಾಗಿಲು ನಿಧಾನವಾಗಿ ತೆರೆಯುತ್ತಿದೆ. ಸರ್ಕಾರಿ ಹುದ್ದೆಗಳ 4% ಮೀಸಲಾತಿಯಲ್ಲಿ 1% ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಎಲ್ಲಕ್ಕೂ ಸೇರಿ. ಸಾಫ್ಟ್‌ವೇರ್ ಕಂಪನಿ ಸ್ಯಾಪ್ 2013ರಲ್ಲಿ ಆಟಿಸಂ ಇರುವವರನ್ನು ಜಗತ್ತಿನಾದ್ಯಂತ ನೇಮಿಸಿಕೊಳ್ಳುವ ಯೋಜನೆ ಘೋಷಿಸುವ ಮೊದಲು ಅದನ್ನು ಪ್ರಯತ್ನಿಸಿ ನೋಡಿದ್ದು ಬೆಂಗಳೂರಿನಲ್ಲಿ. ಅಲ್ಲಿ ಅವರು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡಿ ತೋರಿಸಿದರು.

‘ನಾವು ಹೋದಮೇಲೆ ಇವನನ್ನು ಯಾರು ನೋಡ್ಕೋತಾರೆ?’ ಈ ಪ್ರಶ್ನೆ ಇಂಥ ಪ್ರತಿ ಮನೆಯಲ್ಲೂ ಇದೆ, ಬಾಯಿಬಿಟ್ಟು ಆಡುವವರು ಕಡಿಮೆ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ ತಮ್ಮನನ್ನು ಒಳಕೋಣೆಯಲ್ಲಿ ಕೂರಿಸುವ ಮನೆಗಳು ಈಗಲೂ ಇವೆ. ಮುಂದೆ ಅವನನ್ನು ನೋಡಿಕೊಳ್ಳುವವಳು ಅವಳೇ ಎಂದು ಎಲ್ಲರೂ ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿರುತ್ತಾರೆ. ಅವಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಕೇಳಬೇಕು, ಅವಳು ಆಗದು ಎಂದರೆ ಅದನ್ನು ಒಪ್ಪಬೇಕು, ಬೇರೆ ಏರ್ಪಾಡು ಮಾಡಲು ಆಗ ಸಮಯ ಉಳಿದಿರುತ್ತದೆ. ಸರ್ಕಾರಿ ನೌಕರಿಯಲ್ಲಿರುವ ತಂದೆ ತಾಯಿಯ ನಂತರ, ದುಡಿಯಲಾಗದ ಮಗುವಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗುವ ನಿಯಮವಿದೆ. ತಾವಿರುವಾಗಲೇ ದಾಖಲೆಯಲ್ಲಿ ಮಗುವಿನ ಹೆಸರು ಸೇರಿಸಿದರೆ ಉಳಿದವರ ಅಲೆದಾಟ ತಪ್ಪುತ್ತದೆ.

ನಿಮ್ಮ ಮನೆಯಲ್ಲೋ ಬಂಧುಗಳಲ್ಲೋ ಹದಿನೇಳು ದಾಟುತ್ತಿರುವ ಇಂಥ ಮಗುವಿದ್ದರೆ, ಈ ವಾರವೇ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ ಸ್ಥಳೀಯ ಸಮಿತಿಯ ಬಗ್ಗೆ ವಿಚಾರಿಸಿ. ಅಂಗವೈಕಲ್ಯ ಪ್ರಮಾಣಪತ್ರ, ಆಧಾರ್, ಜನನ ಪ್ರಮಾಣಪತ್ರ ಜೊತೆಗಿರಲಿ. ಮಗನನ್ನೋ ಮಗಳನ್ನೋ ಕರೆದುಕೊಂಡೇ ಹೋಗಿ, ಆದರೆ ಎಲ್ಲಿಗೆ, ಯಾಕೆ ಹೋಗುತ್ತಿದ್ದೀರಿ ಎಂದು ಹಿಂದಿನ ದಿನವೇ ಹೇಳಿರಿ.