ಕಾಯಕದ ಸ್ಥಳದಲ್ಲಿ ಬಾಯಾರಿಕೆಗೆ ಏನನ್ನು ನೀಡಬೇಕು?

ಶರಣ ಧರ್ಮದಲ್ಲಿ ಕಾಯಕವೂ ದಾಸೋಹವೂ ಒಂದನ್ನೊಂದು ಅಗಲಿ ಇರುವಂಥವಲ್ಲ. ದುಡಿದು ಗಳಿಸಿದ್ದನ್ನು ಗುರು ಲಿಂಗ ಜಂಗಮಕ್ಕೆ ಸಲ್ಲಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ನಮ್ಮ ಮನೆತನಗಳ ನಡೆ. ದಾಸೋಹವೆಂದರೆ ಬೆಲೆಯಿಲ್ಲದೆ ಹಂಚುವುದಷ್ಟೇ ಎಂದು ಹಲವರು ತಿಳಿದಿರುವರು. ನೀಡುವ ಪದಾರ್ಥವು ಉಣ್ಣುವವನ ದೇಹಕ್ಕೆ ಹಿತವಾಗಿರಬೇಕೆಂಬ ಹೊಣೆಯೂ ಅದರೊಳಗೆ ಸೇರಿದೆ. ಮಠದ ಪಂಕ್ತಿಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ಪಾಠವಾಗಿ ಹೇಳಿದ್ದಿಲ್ಲ. ಹಳಸಿದ ಅನ್ನವನ್ನು ಬಡಿಸಬಾರದೆಂಬುದನ್ನು ಸೌಟು ಹಿಡಿದವರನ್ನು ನೋಡಿಯೇ ಕಲಿತೆವು.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ಮೆಹಕರ, ಭಾಲ್ಕಿ, ಔರಾದ ಕಡೆಯ ನಮ್ಮ ಮಕ್ಕಳು ಪುಣೆ, ಹೈದರಾಬಾದು, ಬೆಂಗಳೂರುಗಳ ದೊಡ್ಡ ಕಚೇರಿಗಳಲ್ಲಿ ಕಾಯಕ ಮಾಡುತ್ತಿದ್ದಾರೆ. ಅಂಥ ಕೆಲವು ಕಚೇರಿಗಳಲ್ಲಿ ಸೋಡಾ, ಕೋಲಾಗಳು ನೌಕರರಿಗೆ ಉಚಿತ. ಫ್ರಿಜ್ಜಿನ ಬಾಗಿಲು ತೆರೆದು ಎಷ್ಟು ಬೇಕಾದರೂ ಕುಡಿಯಬಹುದು. ಹಬ್ಬಕ್ಕೆ ಊರಿಗೆ ಬಂದಿದ್ದ ತರುಣನೊಬ್ಬನು ನಮ್ಮನ್ನು ಕೇಳಿದನು: “ಗುರುಗಳೇ, ನಮ್ಮ ಆಫೀಸಿನಲ್ಲಿ ಸೋಡಾ ತೆಗೆದು ಹಣ್ಣಿನ ರಸ ಇಡಬೇಕೆಂಬ ಮಾತು ನಡೆದಿದೆ. ಒಳ್ಳೆಯದೇ ಅಲ್ಲವೇ?” ಅರ್ಧ ಒಳ್ಳೆಯದು ಎಂದೆವು. ಉಳಿದರ್ಧದ ವಿಚಾರವನ್ನು ಓದುಗ ಬಂಧುಗಳ ಮುಂದೆಯೂ ಇಡುತ್ತಿದ್ದೇವೆ.

ಕೋಲಾ ಪಾನೀಯಗಳ ಮೇಲೆ ನಮ್ಮ ದೇಶದಲ್ಲಿ ದೊಡ್ಡ ಗದ್ದಲವೆದ್ದದ್ದು 2003ರಲ್ಲಿ. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅವುಗಳಲ್ಲಿ ಕೀಟನಾಶಕದ ಅಂಶವಿದೆಯೆಂದು ಪ್ರಕಟಿಸಿದಾಗ ಸಂಸತ್ತಿನ ಕ್ಯಾಂಟೀನಿನಿಂದಲೇ ಆ ಬಾಟಲಿಗಳು ಹೊರಬಿದ್ದವು. ಆಗ ಎಲ್ಲರ ಕಣ್ಣೂ ಕೀಟನಾಶಕದ ಮೇಲೆಯೇ ನೆಟ್ಟಿತ್ತು. ಬಾಟಲಿಯ ಮೇಲೆ ಬರೆದುಕೊಂಡೇ ಬರುವ ಸಕ್ಕರೆಯನ್ನು ಕೇಳಿದವರು ವಿರಳ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 32 ಗ್ರಾಂ, ಎಂದರೆ ಚಹದ ಚಮಚದಲ್ಲಿ ಎಂಟು ಚಮಚ ಸಕ್ಕರೆಯಿರುತ್ತದೆ. ಎಂಟು ಚಮಚ ಸಕ್ಕರೆ ಹಾಕಿದ ಚಹವನ್ನು ಕೊಟ್ಟರೆ ಯಾರೂ ಮುಟ್ಟಲಾರರು. ತಣ್ಣಗಿದ್ದು ನೊರೆಯುಕ್ಕಿದರೆ ಅದೇ ಸಲೀಸಾಗಿ ಗಂಟಲಿಗಿಳಿಯುತ್ತದೆ.

ಇನ್ನು ಹಣ್ಣಿನ ರಸ. ಹಣ್ಣು ಎಂಬ ಶಬ್ದ ಸೇರಿದೊಡನೆ ಪದಾರ್ಥವು ಸಾತ್ವಿಕವಾಯಿತೆಂದು ನಂಬುವುದು ನಮ್ಮ ಸ್ವಭಾವ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಮಾರ್ಗಸೂಚಿಯು ಹಾಗೆ ನಂಬಲಿಲ್ಲ. ದಿನದ ಆಹಾರಶಕ್ತಿಯಲ್ಲಿ ಬಿಡಿ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆಯಿರಬೇಕು, ಶೇಕಡಾ 5ಕ್ಕೆ ಇಳಿದರೆ ಇನ್ನೂ ಲೇಸು ಎಂದ ಆ ಸಂಸ್ಥೆಯು ಹಣ್ಣಿನ ರಸದ ಸಕ್ಕರೆಯನ್ನೂ ಬಿಡಿ ಸಕ್ಕರೆಯ ಲೆಕ್ಕಕ್ಕೇ ಸೇರಿಸಿತು. ಕಾರಣ ಸರಳ. ಒಂದು ಲೋಟ ರಸಕ್ಕೆ ಮೂರು ನಾಲ್ಕು ಕಿತ್ತಳೆ ಬೇಕು. ಕುಳಿತು ತಿನ್ನುವವನು ಒಂದು ಹಣ್ಣಿಗೇ ಕೈ ತೊಳೆಯುತ್ತಾನೆ. ಅದರ ನಾರು ಹೊಟ್ಟೆ ತುಂಬಿಸುತ್ತದೆ, ಸಕ್ಕರೆಯು ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಹಿಂಡಿದಾಗ ನಾರು ಸೋಸಣಿಗೆಯಲ್ಲಿ ಉಳಿದು ಸಿಹಿ ಮಾತ್ರ ಲೋಟಕ್ಕೆ ಬೀಳುತ್ತದೆ. ಕಿತ್ತಳೆಯ ರಸದಲ್ಲಿ ಸಿ ಜೀವಸತ್ವವುಂಟು, ಕೋಲಾದಲ್ಲಿ ಇಲ್ಲ, ನಿಜ. ಸಕ್ಕರೆಯ ತೂಕದಲ್ಲಿ ಮಾತ್ರ ಎರಡಕ್ಕೂ ಬಹಳ ಅಂತರವಿಲ್ಲ. ಪೊಟ್ಟಣದ ರಸವಂತೂ ಬೇರೆಯೇ ಕತೆ. ಗಟ್ಟಿಮಾಡಿದ ರಸಕ್ಕೆ ಮರಳಿ ನೀರು ಬೆರೆಸಿ “ನೂರಕ್ಕೆ ನೂರು ಹಣ್ಣಿನ ರಸ” ಎಂದು ಮುದ್ರಿಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಜೂನಿನಲ್ಲಿ ತಡೆಯಬೇಕಾಯಿತು.

ನಮ್ಮ ಕಬ್ಬಿನ ಹಾಲನ್ನೂ ಬಿಡದೆ ಹೇಳಬೇಕು. ಭಾಲ್ಕಿ ಸೀಮೆಯು ಕಬ್ಬು ಬೆಳೆಯುವ ನೆಲ. ಇದನ್ನು ಬರೆದರೆ ಕೆಲವರಿಗೆ ಕಹಿಯಾದೀತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಂತೆ 100 ಮಿಲಿಲೀಟರ್ ಕಬ್ಬಿನ ಹಾಲಿನಲ್ಲಿ 13ರಿಂದ 15 ಗ್ರಾಂ ಸಕ್ಕರೆಯಿದೆ. ಪ್ರಾಯದವರಿಗೆ ದಿನಕ್ಕೆ 30 ಗ್ರಾಂ ಸಾಕೆಂದು ಹೇಳುವ ಆ ಮಂಡಳಿಯ ಲೆಕ್ಕದಲ್ಲಿ ಒಂದು ದೊಡ್ಡ ಲೋಟವು ದಿನದ ಪಾಲನ್ನು ಮುಗಿಸಿ ನಾಳೆಯ ಪಾಲಿಗೂ ಕೈ ಹಾಕುತ್ತದೆ. ಗದ್ದೆಯಲ್ಲಿ ಬಿಸಿಲಿಗೆ ಬೆವರು ಸುರಿಸುವವನು ಅದನ್ನು ಕರಗಿಸಿಯಾನು. ಎಂಟು ತಾಸು ಕುರ್ಚಿ ಬಿಟ್ಟು ಏಳದವನ ಗತಿ ಬೇರೆ. ಈ ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದು 2023ರಲ್ಲಿ ಪ್ರಕಟವಾದ ಅದೇ ಮಂಡಳಿಯ ಸಮೀಕ್ಷೆ ಅಂದಾಜಿಸಿತು. ನಮ್ಮ ಮನೆಗಳಲ್ಲಿ ಮೂವತ್ತರ ಮಗನ ಗುಳಿಗೆಯ ಡಬ್ಬಿಯು ಎಪ್ಪತ್ತರ ತಂದೆಯ ಡಬ್ಬಿಯ ಪಕ್ಕದಲ್ಲಿ ಕಾಣಿಸತೊಡಗಿದ್ದು ಈ ಲೆಕ್ಕಗಳಿಗಿಂತ ಹೆಚ್ಚಾಗಿ ನಮ್ಮನ್ನು ಕಾಡುತ್ತದೆ.

ಕಚೇರಿಯು ಮನಸ್ಸು ಮಾಡಿದರೆ ಫಲವಿದೆಯೇ? ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 2015ರಲ್ಲಿ ತನ್ನ ಆವರಣದಲ್ಲಿ ಸಕ್ಕರೆ ಬೆರೆಸಿದ ಪಾನೀಯಗಳ ಮಾರಾಟವನ್ನು ನಿಲ್ಲಿಸಿತು. ಮನೆಯಿಂದ ತಂದು ಕುಡಿಯಲು ಅಡ್ಡಿಯಿರಲಿಲ್ಲ. ಅಂಥ ಪಾನೀಯಗಳನ್ನು ಹೆಚ್ಚಾಗಿ ಕುಡಿಯುತ್ತಿದ್ದ 214 ನೌಕರರನ್ನು ಹತ್ತು ತಿಂಗಳ ಬಳಿಕ ಪರೀಕ್ಷಿಸಿದಾಗ, ದಿನಕ್ಕೆ ಸುಮಾರು ಒಂದು ಲೀಟರ್ ಇದ್ದ ಸೇವನೆಯು ಅರ್ಧಕ್ಕಿಳಿದಿತ್ತು. ಸೊಂಟದ ಸುತ್ತಳತೆಯು ಸರಾಸರಿ 2 ಸೆಂಟಿಮೀಟರಿನಷ್ಟು ತಗ್ಗಿತ್ತು. ಯಾರಿಗೂ ದಂಡ ಹಾಕಲಿಲ್ಲ. ಕೈಗೆ ಎಟಕುವಂತಿದ್ದದ್ದನ್ನು ದೂರವಿಟ್ಟರು. ನಮ್ಮಲ್ಲಿಯೂ ಕೇಂದ್ರ ಆರೋಗ್ಯ ಇಲಾಖೆಯು 2025ರಲ್ಲಿ, ಯಾವ ತಿನಿಸು ಪಾನೀಯಗಳಲ್ಲಿ ಎಷ್ಟು ಎಣ್ಣೆ ಸಕ್ಕರೆಗಳಿವೆಯೆಂಬ ಫಲಕಗಳನ್ನು ಕಚೇರಿಗಳಲ್ಲಿ ತೂಗುಹಾಕಬೇಕೆಂದು ಸಲಹೆ ಮಾಡಿದೆ. ಸಲಹೆ ಒಳ್ಳೆಯದೇ. ಆದರೆ ಗೋಡೆಯ ಫಲಕವು ಒಂದು ಹೇಳಿ, ಅದರ ಕೆಳಗಿನ ಫ್ರಿಜ್ಜು ಇನ್ನೊಂದನ್ನು ಪುಕ್ಕಟೆಯಾಗಿ ಹಂಚಿದರೆ ಗೆಲ್ಲುವುದು ಫ್ರಿಜ್ಜೇ.

ಹಾಗಾದರೆ ಏನನ್ನಿಡಬೇಕು? ಮೊದಲು ಶುದ್ಧವಾದ ತಣ್ಣೀರು, ಸಾಧ್ಯವಾದರೆ ಮಣ್ಣಿನ ಗಡಿಗೆಯದು. ಬಳಿಕ ಮಜ್ಜಿಗೆ, ಉಪ್ಪು ಹಿಡಿತದಲ್ಲಿರಲಿ, ರಕ್ತದೊತ್ತಡದವರೂ ಅಲ್ಲಿರುತ್ತಾರೆ. ಕಲಬುರ್ಗಿ, ಬೀದರ, ಯಾದಗಿರಿ ಜಿಲ್ಲೆಗಳ ಹೈನುಗಾರರಿಗೂ ತಮ್ಮದೇ ಹಾಲು ಒಕ್ಕೂಟವಿದೆ. ಮಜ್ಜಿಗೆ ಕೊಂಡರೆ ಹಣವು ನಮ್ಮ ರೈತರ ಅಂಗಳಕ್ಕೇ ಬರುತ್ತದೆ. 2025ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರವು ಸರಕಾರಿ ಸಭೆಗಳಲ್ಲಿ ನಂದಿನಿ ಉತ್ಪನ್ನಗಳನ್ನೇ ಬಳಸಬೇಕೆಂದು ಸೂಚಿಸಿದೆ. ಆ ಹೆಸರಿನಲ್ಲಿ ಪೇಡೆಯೂ ಸಿಹಿ ಹಾಲೂ ದೊರೆಯುವುದರಿಂದ ಆರಿಸಿಕೊಳ್ಳುವವರು ವಿವೇಕದಿಂದಿರಬೇಕು. ಬೇಸಿಗೆಗೆ ಜೋಳದ ಅಂಬಲಿಯನ್ನು ಮೀರಿಸಿದ್ದು ನಮಗೆ ತಿಳಿದಿಲ್ಲ. ಪಟ್ಟಣದವರು ನಕ್ಕರೆ ನಗಲಿ. ಹಣ್ಣನ್ನು ಹಣ್ಣಾಗಿಯೇ ಬುಟ್ಟಿಯಲ್ಲಿಡಬೇಕು: ಪೇರಲ, ಬಾಳೆ, ಕಿತ್ತಳೆ, ಕಾಲಕ್ಕೆ ತಕ್ಕಂತೆ ನಮ್ಮ ಬೀದರದ ಸೀತಾಫಲ. ರಸವೇ ಬೇಕೆಂದು ಹಟ ಹಿಡಿದವರಿಗೆ ಸಕ್ಕರೆ ಬೆರೆಸದೆ, ಸೋಸದೆ, ಸಣ್ಣ ಲೋಟದಲ್ಲಿ ಕೊಡಬಹುದು.

ಇಷ್ಟೆಲ್ಲವನ್ನೂ ಕೇಳಿದ ಆ ತರುಣನ ತಾಯಿ, “ಆಫೀಸಿನವರಿಗೆ ಹೇಳ್ತೀರಿ, ನಮ್ಮ ಮನೀ ಚಹಾಕ್ಕ ಏನಂತೀರಿ?” ಎಂದರು. ಸರಿಯಾದ ಪ್ರಶ್ನೆ. ದಿನಕ್ಕೆ ಐದು ಕಪ್ಪು, ಕಪ್ಪಿಗೆರಡು ಚಮಚ. ಹತ್ತು ಚಮಚವೆಂದರೆ 40 ಗ್ರಾಂ ಆಯಿತು. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚು ಬದಲಾಗದು. ಕಪ್ಪನ್ನು ಎರಡಕ್ಕಿಳಿಸಿ, ಸಕ್ಕರೆಯನ್ನು ಬೇರೆ ಬಟ್ಟಲಿನಲ್ಲಿಟ್ಟು, ಬೇಕಾದವರು ಬೇಕಾದಷ್ಟೇ ಹಾಕಿಕೊಳ್ಳಲಿ ಎಂದೆವು. ಅತಿಥಿಗಳು ಬಂದಾಗ ಮಾತ್ರ ಇದು ಕಷ್ಟವೆಂದು ಆ ತಾಯಿಯವರ ಅಭಿಪ್ರಾಯ.