ಮನೆತನದ ದಾಖಲೆಗಳೂ ಪೂರ್ವಿಕರ ಜೀವಿತವೂ

ವಂಶಾವಳಿಯಲ್ಲಿ ಹೆಸರಿರುತ್ತದೆ, ಆ ಹೆಸರಿನಿಂದ ಬಾಳಿದ ಮನುಷ್ಯನ ವೃತ್ತಾಂತ ಇರುವುದಿಲ್ಲ. ಆ ವೃತ್ತಾಂತವನ್ನು ಅರಸುವವನು ಮೊದಲು ಕೇಳಬೇಕಾದ ಪ್ರಶ್ನೆ, ಕೈಯಲ್ಲಿರುವ ದಾಖಲೆ ಯಾವ ಪ್ರಯೋಜನಕ್ಕಾಗಿ ಹುಟ್ಟಿತು ಎಂಬುದು. ಧಾರವಾಡ, ಬೆಳಗಾವಿ ಸೀಮೆಯ ಮನೆತನಗಳನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ.

ಆ ಸೀಮೆಯಲ್ಲಿ ವಂಶಸ್ಮೃತಿಯನ್ನು ಪರಂಪರೆಯಿಂದ ಕಾಪಾಡಿಕೊಂಡು ಬಂದವರು ಹೆಳವರು. ಎತ್ತನ್ನೇರಿ ಊರೂರಿಗೆ ಬಂದು, ತಮ್ಮ ಪಾಲಿಗೆ ಸೇರಿದ ಮನೆಗಳ ಮುಂದೆ ಬೆಡಗು, ಮೂಲಸ್ಥಳ, ತಲೆಮಾರುಗಳ ಹೆಸರುಗಳನ್ನು ಹೇಳಿ ದವಸಧಾನ್ಯ ಪಡೆಯುವುದು ಅವರ ವೃತ್ತಿ. ಕೊಟ್ಟವರ ಹೊಗಳಿಕೆ ಅದರಲ್ಲಿ ಸೇರುವುದು ಸಹಜ. ಅದನ್ನು ಸೋಸಿ ತೆಗೆಯಬಹುದು. ಆದರೆ ಮನೆತನವು ಯಾವ ಊರನ್ನು ಬಿಟ್ಟು ಯಾವ ಊರಿಗೆ ಬಂದಿತೆಂಬ ಅವರ ಮಾತನ್ನು ಅಲಕ್ಷಿಸಲಾಗದು. ಎಲ್ಲಿ ಹುಡುಕಬೇಕೆಂಬುದಕ್ಕೆ ಅನೇಕ ವೇಳೆ ಅದೊಂದೇ ಸೂಚನೆ.

ಇನಾಮಿನ ಕಾಗದಪತ್ರಗಳ ಸ್ವರೂಪ ಬೇರೆ. ೧೮೫೨ರ ಹನ್ನೊಂದನೆಯ ಕಾಯಿದೆಯ ಮೇರೆಗೆ ಮುಂಬಯಿ ಇಲಾಖೆಯ ಇನಾಮು ಕಮಿಷನ್ ಹಕ್ಕುಗಳನ್ನು ಪರೀಕ್ಷಿಸಿದಾಗ, ಇನಾಮುದಾರರು ಸನದುಗಳನ್ನೂ ವಂಶವೃಕ್ಷಗಳನ್ನೂ ಹಾಜರುಪಡಿಸಬೇಕಾಯಿತು. ಇವುಗಳಲ್ಲಿ ಹಲವು ಮೋಡಿ ಲಿಪಿಯಲ್ಲಿರುವುದರಿಂದ ಆ ಲಿಪಿಯನ್ನು ಕಲಿಯದೆ ಗತ್ಯಂತರವಿಲ್ಲ. ಭೂಮಿಯನ್ನು ಉಳಿಸಿಕೊಳ್ಳಲೆಂದು ಬರೆದ ವೃಕ್ಷದಲ್ಲಿ ಗಂಡುಸಂತತಿಗೇ ಪ್ರಾಶಸ್ತ್ಯ. ಹೆಣ್ಣುಮಕ್ಕಳು ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ಮಕ್ಕಳಿಲ್ಲದೆ ತೀರಿಕೊಂಡ ತಮ್ಮನು ‘ನಿಸ್ಸಂತಾನ’ ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತಾನೆ. ದತ್ತಕವು ವಿವಾದಕ್ಕೆ ಗುರಿಯಾಗಿದ್ದ ಆ ಕಾಲದಲ್ಲಿ ದತ್ತುಮಗನನ್ನು ಔರಸನೆಂದು ಬರೆಸಿರಬಹುದೆಂಬ ಶಂಕೆಯೂ ಸಂಶೋಧಕನಿಗಿರಬೇಕು.

ಹೆಣ್ಣಿನ ಹೆಸರು ಉಳಿಯುವುದು ಬೇರೆಡೆ. ಗಯೆಯಲ್ಲಿ ಪಿಂಡ ಹಾಕುವವನು ತಂದೆ, ಅಜ್ಜ, ಮುತ್ತಜ್ಜರ ಹೆಸರುಗಳೊಡನೆ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನೂ ಉಚ್ಚರಿಸಬೇಕು. ಆದಕಾರಣ ಶ್ರಾದ್ಧವಿಧಿಯಿರುವ ಮನೆಗಳಲ್ಲಿ ಇನಾಮಿನ ಕಾಗದ ಮರೆತವರನ್ನು ಸಂಕಲ್ಪವು ಮರೆಯುವುದಿಲ್ಲ. ಕಾಶಿ, ನಾಸಿಕ ಮೊದಲಾದ ಕ್ಷೇತ್ರಗಳ ತೀರ್ಥಪುರೋಹಿತರ ವಹಿಗಳಲ್ಲಿ ಯಾತ್ರಿಕನೇ ತನ್ನ ಕೈಯಾರೆ ಬರೆದ ಒಕ್ಕಣೆಯೂ ಸಿಕ್ಕೀತು.

ಎಲ್ಲಕ್ಕಿಂತ ದೊಡ್ಡ ತೊಡಕು ಕಾಲನಿರ್ಣಯದ್ದು. ಮನೆಯ ಹಳೆಯ ಪತ್ರಗಳಲ್ಲಿ ಶಕವರ್ಷವನ್ನು ಬಿಟ್ಟು ಸಂವತ್ಸರದ ಹೆಸರನ್ನಷ್ಟೇ ಬರೆಯುವುದುಂಟು. ಆ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ವ್ಯಕ್ತಿಯ ಹೆಸರೂ ಹೆಚ್ಚುಕಡಿಮೆ ಅಷ್ಟೇ ಅವಧಿಯಲ್ಲಿ ಮರಳುತ್ತದೆ! ವೀರಪ್ಪನ ಮಗ ಬಸಪ್ಪನು ಧಾತು ಸಂವತ್ಸರದಲ್ಲಿ ಹೊಲವನ್ನು ಅಡವಿಟ್ಟನೆಂಬ ಪತ್ರ ದೊರಕಿತೆನ್ನೋಣ. ಅದು ೧೮೧೬–೧೭ರದೋ ೧೮೭೬–೭೭ರದೋ? ಅಜ್ಜನೂ ವೀರಪ್ಪನ ಮಗ ಬಸಪ್ಪ, ಮೊಮ್ಮಗನೂ ವೀರಪ್ಪನ ಮಗ ಬಸಪ್ಪ. ತಂದೆಯ ಹೆಸರಿನಿಂದ ಪ್ರಯೋಜನವಿಲ್ಲ. ತಿಥಿವಾರಗಳೆರಡೂ ಇದ್ದರೆ, ಸೀವೆಲ್ ಮತ್ತು ಶಂಕರ ಬಾಳಕೃಷ್ಣ ದೀಕ್ಷಿತರು ೧೮೯೬ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಯಾವ ವರ್ಷಕ್ಕೆ ಅವು ಹೊಂದುವುವೆಂದು ಗಣಿಸಬಹುದು. ತಿಥಿವಾರಗಳಿಲ್ಲದಿದ್ದರೆ ಪತ್ರದ ಒಳಗಿನ ಸಾಕ್ಷ್ಯವೇ ಗತಿ. ೧೮೧೬ರಲ್ಲಿ ಧಾರವಾಡ ಸೀಮೆ ಇನ್ನೂ ಪೇಶ್ವೆಯ ಆಡಳಿತದಲ್ಲಿದ್ದಿತು. ಹೊಲಕ್ಕೆ ಸರ್ವೆ ನಂಬರು ಬಂದುದು ಬ್ರಿಟಿಷರ ಕಾಲದಲ್ಲಿ. ನಂಬರು ಬರೆದಿದ್ದರೆ ಅಡವಿಟ್ಟವನು ಮೊಮ್ಮಗನೇ.

ಮೊಮ್ಮಗನೆಂದಾದರೆ ಪತ್ರದ ಅರ್ಥವೇ ಬದಲಾಗುತ್ತದೆ. ಧಾತು, ಈಶ್ವರ ಸಂವತ್ಸರಗಳೆಂದರೆ ೧೮೭೬–೭೮ರ ಮಹಾಕ್ಷಾಮದ ವರ್ಷಗಳು. ನೆರೆಯ ಮೈಸೂರು ಸಂಸ್ಥಾನದಲ್ಲಿ ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಧಾರವಾಡ ಸೀಮೆಯನ್ನೂ ಆ ಕ್ಷಾಮ ಬಿಡಲಿಲ್ಲ. ಅನಂತರ ಹೊಲವು ಬೇರೆಯವರ ಹೆಸರಿನಲ್ಲಿ ಕಂಡುಬಂದರೆ ಬಸಪ್ಪನು ತೀರಿಕೊಂಡನೆಂದು ಕೂಡಲೇ ಬರೆಯತಕ್ಕದ್ದಲ್ಲ. ಹೊಲವನ್ನು ಮಾರಿ ಊರು ಬಿಟ್ಟಿರಲೂ ಬಹುದು. ಅಂಥ ಸಂದರ್ಭದಲ್ಲಿ ಹುಡುಕಬೇಕಾದ ಸ್ಥಳಗಳಲ್ಲಿ ಅವನ ಹೆಂಡತಿಯ ತವರೂರು ಮೊದಲನೆಯದು. ಅದನ್ನು ತಿಳಿಯಲು ಆಕೆಯ ಹೆಸರು ಬೇಕು. ವಂಶವೃಕ್ಷದಲ್ಲಿ ಇಲ್ಲದುದು ಅದೇ.