ಆರೋ ಏಳೋ? ಊಹಿಸಿ ನೋಡೋಣ!

ಬ್ಯಾಕ್‌ಗ್ಯಾಮನ್ ಹಲಗೆಯ ಮೇಲೆ ನಿಮ್ಮದೊಂದು ಒಂಟಿ ಕಾಯಿ. ಎದುರಾಳಿಯ ಕಾಯಿ ಹೊಂಚು ಹಾಕಿ ಕೂತಿದೆ. ನಿಮ್ಮ ಕಾಯನ್ನು ಅದರಿಂದ ಆರು ಮನೆ ದೂರ ಇಡುತ್ತೀರೋ, ಏಳು ಮನೆಯೋ?

ಒಂದು ಮನೆಯಲ್ಲಿ ಏನು ಮಹಾ ಅಂತೀರಾ? ತಾಳಿ!

ಮೊದಲು ಆಟ ನೋಡಿಬಿಡಿ. 24 ಮನೆ. ಇಬ್ಬರಿಗೆ ತಲಾ 15 ಕಾಯಿ. ಎರಡು ದಾಳ. ಎಲ್ಲ ಕಾಯಿಗಳನ್ನೂ ನಡೆಸಿ ಮೊದಲು ಹಲಗೆಯಿಂದ ಆಚೆ ದಾಟಿಸಿದವರೇ ಗೆದ್ದರು. ಒಂಟಿ ಕಾಯಿ ಸಿಕ್ಕಿತೋ, ಹೊಡೆತ! ಅದರ ನಡೆ ಮತ್ತೆ ಮೊದಲಿನಿಂದ. ಎರಡು ಕಾಯಿ ಜೊತೆಗೆ ಕೂತವೋ, ಆ ಮನೆಗೆ ಎದುರಾಳಿ ಕಾಲಿಡುವ ಹಾಗೇ ಇಲ್ಲ. ಪಗಡೆ, ಚೌಕಾಬಾರ ಆಡಿದವರಿಗೆ ಅರ್ಧ ಆಟ ಆಗಲೇ ಬಂದಂತೆ!

ಈಗ ಉತ್ತರ. ಎರಡು ದಾಳಕ್ಕೆ ಒಟ್ಟು 36 ಗರ. ನಡುವೆ ಅಡ್ಡಿಯಿಲ್ಲದಿದ್ದರೆ, ಆರು ಮನೆ ದೂರದ ಕಾಯನ್ನು ಹೊಡೆಯುವ ಗರ ಎಷ್ಟು? 17! ಏಳು ಮನೆ ದೂರದ್ದನ್ನು?

ಬರೀ 6!

ಒಂದೇ ಒಂದು ಮನೆ ಹಿಂದೆ ಸರಿದಿರಿ, ಅಪಾಯ ಸುಮಾರು ಮೂರನೇ ಒಂದು ಪಾಲಿಗೆ ಇಳಿಯಿತು! ಗುಟ್ಟು ಇಷ್ಟೇ: ಆರನ್ನು ಒಂದೇ ದಾಳ ತರಬಲ್ಲದು. ಏಳಕ್ಕೆ ಎರಡೂ ಕೂಡಿ ಬರಬೇಕು. ಅದೃಷ್ಟದ ಆಟ ಅಂದುಕೊಂಡಿದ್ದಿರಾ? ಇದು ಲೆಕ್ಕದ ಆಟ!

ಇನ್ನೂ ಇದೆ. 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಈ ಆಟಕ್ಕೊಂದು ಹೊಸ ದಾಳ ಬಂತು. ಅದನ್ನು ಎಸೆಯುವುದಿಲ್ಲ, ಎದುರಾಳಿಯತ್ತ ಸರಿಸುತ್ತಾರೆ. ಅರ್ಥ: ಪಣ ದುಪ್ಪಟ್ಟು! ಒಪ್ಪಿ, ಇಲ್ಲವೇ ಈಗಲೇ ಸೋಲಿ. ನೀವು ನಾಲ್ಕರಲ್ಲಿ ಮೂರು ಸಲ ಸೋಲುವ ಸ್ಥಿತಿ. ಒಪ್ಪುತ್ತೀರಾ?

ಧೈರ್ಯವಾಗಿ ಒಪ್ಪಿ! ನಾಲ್ಕು ಸಲವೂ ಬಿಟ್ಟುಕೊಟ್ಟರೆ ನಷ್ಟ 4. ನಾಲ್ಕು ಸಲವೂ ಆಡಿದರೆ ಸೋಲಿನಲ್ಲಿ 6 ಹೋಯಿತು, ಗೆಲುವಿನಲ್ಲಿ 2 ಬಂತು. ನಷ್ಟ ಅದೇ 4! ಗೆಲುವಿನ ಸಾಧ್ಯತೆ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿದ್ದರೂ ಆಡುವುದೇ ಲಾಭ.

ಈಗ ಕೇಳಿ, ಈ ಆಟದ ಅತ್ಯಂತ ಬೆರಗಿನ ಹೊಸ ಕಲಿಕೆಗಾರ ಯಾರು ಗೊತ್ತೇ? ಮನುಷ್ಯನೇ ಅಲ್ಲ!

1990ರ ದಶಕದ ಆರಂಭ. ಐಬಿಎಂನ ಜೆರಾಲ್ಡ್ ಟೆಸಾರೊ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಹೆಸರು ಟಿಡಿ-ಗ್ಯಾಮನ್. ಗುರುವಿಲ್ಲ. ತನ್ನೊಡನೆ ತಾನೇ ಆಡಿ ಕಲಿಯಬೇಕು! ಮೊದಮೊದಲು ಎಲ್ಲವೂ ಕುರುಡು ನಡೆ. 50–60 ನಡೆಗಳಲ್ಲಿ ಮುಗಿಯುವ ಆಟ ನೂರಾರು, ಸಾವಿರಾರು ನಡೆಗಳವರೆಗೆ ಎಳೆಯುತ್ತಿತ್ತು!

ಅದು ನಿಲ್ಲಲಿಲ್ಲ. ಆಡಿತು. ಮತ್ತೆ ಆಡಿತು. ಕೆಲವೇ ಸಾವಿರ ಆಟಗಳಲ್ಲಿ ಹೊಡೆಯುವುದು, ಕಾಯುವುದು, ಮನೆ ಕಟ್ಟುವುದು ತಾನಾಗಿ ಬಂತು! ಆಮೇಲೆ ತಜ್ಞರು ಬಲ್ಲ ಸೂಕ್ಷ್ಮಗಳನ್ನೂ ಅದರೊಳಗೆ ಸೇರಿಸಿದರು. ಆಟಗಳ ಸಂಖ್ಯೆ ಎಲ್ಲಿಗೆ ಮುಟ್ಟಿತು? 15 ಲಕ್ಷ! ಅಷ್ಟರಲ್ಲಿ ಅದು ವಿಶ್ವದ ಅಗ್ರ ಆಟಗಾರರ ಸಮಕ್ಕೆ ಬಂದು ನಿಂತಿತ್ತು. ಅಷ್ಟೇ ಅಲ್ಲ, ಕೆಲವು ಗರಗಳಿಗೆ ತಜ್ಞರು ಬಹುಕಾಲ ಆಡುತ್ತಿದ್ದ ಮೊದಲ ನಡೆಯನ್ನೇ ಅದು ಬದಲಿಸಿಬಿಟ್ಟಿತು!

ಇನ್ನು ನಿಮ್ಮ ಸರದಿ. ಆಟ ಶುರು, ಗರ 3-1. ಏನು ಮಾಡುತ್ತೀರಿ? ಕಾಯಿ ಆಚೆ ದಾಟುವ ತುದಿಯಿಂದ ಮನೆ ಎಣಿಸಿ. 8ನೇ ಮನೆಯಿಂದ ಒಂದು ಕಾಯಿ ಮೂರು ಹೆಜ್ಜೆ. 6ನೇ ಮನೆಯಿಂದ ಇನ್ನೊಂದು ಒಂದೇ ಹೆಜ್ಜೆ. ಎರಡೂ 5ನೇ ಮನೆಯಲ್ಲಿ ಜೋಡಿ! ಎದುರಾಳಿಗೆ ಆ ಬಾಗಿಲು ಬಂದ್!

ವಿಶ್ವ ಚಾಂಪಿಯನ್ ಆದರೂ ಈ ಗರಕ್ಕೆ ಆಡುವ ನಡೆ ಇದೇ. ಇಂದು ಕಲಿತ ನೀವೂ ಅದನ್ನೇ ಆಡಿದಿರಿ. ದಾಳ ಎಸೆಯಿರಿ!